ಚೀಟಿಯ ಮೂರನೆಯ ಸಾಲು

ಅಕ್ಕನನ್ನು ಸ್ಕ್ಯಾನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂರಿಸಿ, ಕೈಗೊಂದು ನೀರಿನ ಬಾಟಲಿ ಕೊಟ್ಟು, ಇದಿಷ್ಟನ್ನೂ ಒಂದು ಗಂಟೆಯೊಳಗೆ ಗುಟುಕು ಗುಟುಕಾಗಿ ಕುಡಿದು ಮುಗಿಸಬೇಕು ಎಂದು ಹೇಳಿ ಹೊರಟವನು ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದ. ಅವಳು ಕುಡಿಯುತ್ತಿದ್ದಳು. ಹೇಳಿದ ಮಾತನ್ನು ಹೇಳಿದ ಹಾಗೆ ಕೇಳುವ ಜಾಯಮಾನವೇ ಅಲ್ಲ ಅವಳದು. ಔಷಧಿ ಬರೆದುಕೊಟ್ಟ ಡಾಕ್ಟರನ್ನೇ ‘ಇದನ್ನ ನೀವು ತಗೊಂಡು ನೋಡಿದೀರಾ’ ಎಂದು ಕೇಳಿ ಬೆವರಿಳಿಸಿದವಳು. ಅಂಥವಳು ಈಗ ಸ್ಕೂಲಿಗೆ ಸೇರಿದ ಮೊದಲ ದಿನದ ಮಗುವಿನ ಹಾಗೆ ಎರಡೂ ಕೈಯಲ್ಲಿ ಬಾಟಲಿ ಹಿಡಿದುಕೊಂಡು, ಎದುರಿನ ಗೋಡೆಯ ಮೇಲಿದ್ದ ‘ಗರ್ಭಿಣಿಯರು ಮೊದಲೇ ತಿಳಿಸತಕ್ಕದ್ದು’ ಎಂಬ ಬೋರ್ಡನ್ನು ನೋಡುತ್ತ ಕುಡಿಯುತ್ತಿದ್ದಳು. ಬೇರೆ ದಿನವಾಗಿದ್ದರೆ ಆ ಬೋರ್ಡಿನ ಬಗ್ಗೆ ಒಂದು ಮಾತಾದರೂ ಬಂದಿರುತ್ತಿತ್ತು. ನಿನ್ನೆ ಫೋನಿನಲ್ಲಿ, ‘ನಾಳೆ ಬಾ, ಒಂದು ಸ್ಕ್ಯಾನ್ ಮಾಡಿಸಿಬಿಡೋಣ’ ಎಂದಾಗಲೂ ಯಾಕೆ ಏನು ಎತ್ತ ಎಂದು ಕೇಳಿರಲಿಲ್ಲ. ‘ಎಷ್ಟು ಗಂಟೆಗೆ ಬರ್ಲಿ?’ ಎಂದಿದ್ದಳು. ಅಷ್ಟೇ. ಆ ಒಂದೇ ಮಾತು ಅವನ ಕಿವಿಯಲ್ಲಿ ನಿನ್ನೆಯಿಂದ ಹಾಗೇ ಕೂತಿತ್ತು.

ನೆಲಮಾಳಿಗೆಯ ಪಾಠದ ಕೋಣೆಯಲ್ಲಿ ಕೊನೆಯ ವರ್ಷದ ಡಾಕ್ಟರಿ ವಿದ್ಯಾರ್ಥಿಗಳು ಹನ್ನೆರಡು ಜನ ಆಗಲೇ ಕೂತಿದ್ದರು. ಒಂದು ಕಾಲಕ್ಕೆ ಎಕ್ಸ್-ರೇ ಫಿಲ್ಮುಗಳನ್ನು ಸಿಕ್ಕಿಸಿ ನೋಡುತ್ತಿದ್ದ ಬೆಳಕಿನ ಪೆಟ್ಟಿಗೆಗಳು ಗೋಡೆಯಲ್ಲಿ ಇನ್ನೂ ಉಳಿದಿದ್ದವು. ಎಲ್ಲವೂ ಕಂಪ್ಯೂಟರಿಗೆ ಬಂದ ಮೇಲೆ ಅವಕ್ಕೆ ಕೆಲಸವಿಲ್ಲ, ಆದರೂ ಕೀಳಿಸಲು ಅವನಿಗೆ ಮನಸ್ಸು ಬಂದಿರಲಿಲ್ಲ. ಅವನು ಒಳಗೆ ಕಾಲಿಡುತ್ತಲೇ ಹಿಂದಿನಿಂದ ಯಾರೋ ಪಿಸುಗುಟ್ಟಿದರು, ಯಾರೋ ನಕ್ಕರು. ತನಗೆ ಇಟ್ಟಿರುವ ಹೆಸರು ಅವನಿಗೆ ಗೊತ್ತಿತ್ತು: ‘ಆಮೇಲೇನು ಸಾರ್’. ಹದಿನೈದು ವರ್ಷದಿಂದ ಪ್ರತಿ ಬ್ಯಾಚೂ ಮುಂದಿನ ಬ್ಯಾಚಿಗೆ ಜೋಪಾನವಾಗಿ ದಾಟಿಸುತ್ತ ಬಂದ ಹೆಸರು. ಯಾವ ವಿದ್ಯಾರ್ಥಿ ಯಾವ ರೋಗಿಗೆ ಯಾವ ಸ್ಕ್ಯಾನ್ ಹೇಳಲಿ, ಅವನದು ಒಂದೇ ಪ್ರಶ್ನೆ: ‘ಸರಿ, ಚಿತ್ರ ಬಂತು. ಆಮೇಲೇನು?’ ಚಿತ್ರ ನೋಡಿದ ಮೇಲೆ ನೀನು ಮಾಡುವ ಕೆಲಸ, ನೋಡುವ ಮೊದಲು ಮಾಡಲಿದ್ದ ಕೆಲಸವೇ ಆಗಿದ್ದರೆ ಆ ಚಿತ್ರ ಯಾರಿಗಾಗಿ? ಹಾಗೆ ಕೇಳಿ ಕೇಳಿ ಎಷ್ಟೋ ಹುಡುಗರ ಬಾಯಿ ಕಟ್ಟಿಸಿದ್ದ. ಒಳ್ಳೆಯ ಪ್ರಶ್ನೆ ಎಂದು ಅವನಿಗೆ ಹೆಮ್ಮೆಯೂ ಇತ್ತು. ಹೆಮ್ಮೆ ಎಷ್ಟಿತ್ತೆಂದರೆ, ಮೂರು ಮೀಟಿಂಗುಗಳಲ್ಲಿ ಜಗಳವಾಡಿ ಆಸ್ಪತ್ರೆಯ ಸ್ಕ್ಯಾನ್ ಚೀಟಿಯಲ್ಲಿ ಹೊಸದೊಂದು ಸಾಲನ್ನೇ ಅಚ್ಚು ಹಾಕಿಸಿದ್ದ. ಮೊದಲ ಸಾಲು, ರೋಗಿಯ ತೊಂದರೆ. ಎರಡನೆಯದು, ಯಾವ ಪರೀಕ್ಷೆ ಬೇಕು. ಮೂರನೆಯದು ಅವನದು: ‘ಈ ಚಿತ್ರ ಯಾವ ಪ್ರಶ್ನೆಗೆ ಉತ್ತರ ಹೇಳಬೇಕು?’ ಆ ಸಾಲು ಖಾಲಿ ಬಿಟ್ಟ ಚೀಟಿಗಳನ್ನು ಮುಲಾಜಿಲ್ಲದೆ ವಾಪಸು ಕಳಿಸುತ್ತಿದ್ದ. ದೊಡ್ಡ ಸರ್ಜನ್ನರ ಚೀಟಿ ಮೂರು ಸಲ ಹಿಂದಕ್ಕೆ ಹೋದಾಗ ಅವರು ಕ್ಯಾಂಟೀನಿನಲ್ಲಿ ಎಲ್ಲರ ಎದುರಿಗೆ, ‘ಇವರಿಗೆ ಪ್ರಶ್ನೆಪತ್ರಿಕೆ ಬರೆದುಕೊಟ್ರೆ ಮಾತ್ರ ಫೋಟೋ ತೆಗೀತಾರಪ್ಪ’ ಎಂದಿದ್ದರು.

ಗುರುವಾರ ಬಂದರೆ ಚೀಟಿ ಎತ್ತುವ ಪಾಠ. ಕೌಂಟರಿನ ತಟ್ಟೆಯಲ್ಲಿ ಬಿದ್ದಿರುವ ಚೀಟಿಗಳಿಂದ ಹತ್ತನ್ನು ಟೆಕ್ನಿಷಿಯನ್ ಎತ್ತಿಕೊಂಡು, ಮೇಲಿನ ರೋಗಿಯ ಹೆಸರು, ಕೆಳಗಿನ ಡಾಕ್ಟರ ಸಹಿ ಎರಡರ ಮೇಲೂ ಕಾಗದದ ಪಟ್ಟಿ ಅಂಟಿಸಿ ತಂದಿಡುತ್ತಿದ್ದ. ಯಾರ ಚೀಟಿಯೆಂದು ಆರಿಸಬಾರದು, ದೊಡ್ಡವರದೆಂದು ಬಿಡಬಾರದು, ಕೈಗೆ ಬಂದದ್ದನ್ನು ಎತ್ತಿಕೊಂಡು ಬರಬೇಕು ಎಂಬುದು ಅವನೇ ಮಾಡಿದ ಕಟ್ಟಳೆ. ವಿದ್ಯಾರ್ಥಿಗಳು ಒಂದೊಂದೇ ಎತ್ತಿ ಓದಬೇಕು, ‘ಮಾಡಿ’, ‘ಬೇಡ’, ‘ಬೇರೆ ಮಾಡಿ’ ಎಂದು ತೀರ್ಪು ಕೊಡಬೇಕು, ಯಾಕೆಂದು ಹೇಳಬೇಕು. ಇವತ್ತು ಅವನು ಕುರ್ಚಿಯಲ್ಲಿ ಕೂರದೆ ಬೋರ್ಡಿನ ಮೇಲೆ ಎಂದಿನ ಪಟ್ಟಿ ಬರೆಯತೊಡಗಿದ. ಬೆನ್ನುನೋವಿನ ರೋಗಿ ಬಂದರೆ ಕೇಳಲೇಬೇಕಾದ ಏಳು ಪ್ರಶ್ನೆಗಳು. ಬಿದ್ದಿದ್ದರೇ? ಜ್ವರ ಇದೆಯೇ? ತೂಕ ತಾನಾಗಿ ಇಳಿದಿದೆಯೇ? ಹಿಂದೆ ಗಡ್ಡೆ ಕಾಯಿಲೆ ಆಗಿತ್ತೇ? ಮಲಗಿದರೂ ಬಿಡದೆ ನಿದ್ದೆ ಕೆಡಿಸುವ ನೋವೇ? ಕಾಲಿನ ಬಲ ಕಡಿಮೆಯಾಗಿದೆಯೇ? ಮೂತ್ರದ ಹಿಡಿತ ತಪ್ಪಿದೆಯೇ? ಎಲ್ಲಕ್ಕೂ ಇಲ್ಲ ಎಂದಾದರೆ ಬೆನ್ನನ್ನು ಮುಟ್ಟಿ ನೋಡಿ, ಧೈರ್ಯ ಹೇಳಿ, ನಡೆದಾಡಲು ಹೇಳಿ, ಮತ್ತೆ ಬರಲು ಹೇಳಿ ಕಳಿಸಬೇಕು. ಚಿತ್ರ ಬೇಡ. ಹುಡುಕುತ್ತ ಹೋದರೆ ಯಾರ ಒಳಗೂ ಏನೋ ಒಂದು ಸಿಕ್ಕೇ ಸಿಗುತ್ತದೆ. ಆ ಏನೋ ಒಂದರ ಬೆನ್ನು ಹತ್ತಿ ಹೋಗಿ ಮನುಷ್ಯ ಹಣ್ಣಾಗುತ್ತಾನೆ. ಹೇಳಿ ಹೇಳಿ ಸವೆದ ಮಾತು, ನಾಲಿಗೆ ತಾನಾಗಿ ಆಡುತ್ತಿತ್ತು. ಮನಸ್ಸು ಮೇಲಿನ ಬೆಂಚಿನ ಹತ್ತಿರ ಬಾಟಲಿಯ ನೀರು ಎಲ್ಲಿಗಿಳಿದಿದೆ ಎಂದು ನೋಡುತ್ತಿತ್ತು.

ಮುಂದಿನ ಸಾಲಿನಲ್ಲಿ ಕೂರುವ ಹುಡುಗ, ಅವನು ಕೆಮ್ಮಿದರೂ ಬರೆದುಕೊಳ್ಳುವವನು, ನಾಲ್ಕನೆಯ ಚೀಟಿಯನ್ನು ಎತ್ತಿ ದೊಡ್ಡ ದನಿಯಲ್ಲಿ ಓದಿದ. ‘ಹೆಣ್ಣು, ವಯಸ್ಸು ಐವತ್ತೇಳು. ತೊಂದರೆ: ಬೆನ್ನುನೋವು. ಪರೀಕ್ಷೆ: ಎದೆ, ಹೊಟ್ಟೆ, ಸೊಂಟ, ಪೂರ್ತಿ ಸಿಟಿ ಸ್ಕ್ಯಾನ್. ಮೂರನೇ ಸಾಲು...’ ಅಲ್ಲಿ ನಿಲ್ಲಿಸಿ, ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿ, ‘ಖಾಲಿ ಸಾರ್’ ಎಂದ. ಎಲ್ಲರೂ ನಕ್ಕರು. ಅವನು ಸೀಮೆಸುಣ್ಣ ಕೆಳಗಿಟ್ಟ. ಚೀಟಿ ಮೇಜಿನ ಆಚೆ ಬದಿಯಲ್ಲಿತ್ತು, ಅಕ್ಷರ ಕಾಣುತ್ತಿರಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. ನಿನ್ನೆ ಸಂಜೆ ಕೌಂಟರಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು, ತಟ್ಟೆಯಲ್ಲಿದ್ದ ಚೀಟಿಗಳ ನಡುವೆ ಅದನ್ನು ತೂರಿಸಿ ಬಂದಿದ್ದ. ಮೇಲಿಟ್ಟರೆ ಕಣ್ಣಿಗೆ ಬೀಳುತ್ತದೆ, ಅಡಿಯಲ್ಲಿಟ್ಟರೆ ತಡವಾಗುತ್ತದೆ ಎಂದು ಲೆಕ್ಕ ಹಾಕಿ ನಡುವೆ. ಮೂರನೆಯ ಸಾಲಿನ ಮೇಲೆ ಪೆನ್ನು ಊರಿ ನಿಂತದ್ದೂ ನೆನಪಿತ್ತು; ಊರಿದ ಜಾಗದಲ್ಲಿ ಒಂದು ಶಾಯಿಯ ಚುಕ್ಕೆ ಮೂಡಿತ್ತು, ಅಷ್ಟೆ. ಕಳ್ಳನಾದರೂ ಇಷ್ಟು ಅಂದಗೇಡಿಯಾಗಿ ಸಿಕ್ಕಿಬೀಳುವುದಿಲ್ಲವಲ್ಲ, ತಾನೇ ಬೀಸಿದ ಬಲೆಗೆ ತಾನೇ ಬಂದು ಬಿದ್ದೆನಲ್ಲ ಎಂದುಕೊಂಡ.

‘ಹೇಳಿ’ ಎಂದ. ದನಿ ಸರಿಯಾಗಿಯೇ ಬಂತು.

ಹೇಳಿದರು. ಅವನೇ ಕಲಿಸಿದ್ದನ್ನು ಅವನಿಗೇ ಹೇಳಿದರು, ಚೆನ್ನಾಗಿಯೇ ಹೇಳಿದರು. ನೋವು ಎಷ್ಟು ದಿನದ್ದು ಎಂದು ಬರೆದಿಲ್ಲ. ಏಳು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರವಿಲ್ಲ. ನಿಜವಾಗಿ ನರಕ್ಕೋ ಬೆನ್ನುಹುರಿಗೋ ತೊಂದರೆ ಎಂಬ ಅನುಮಾನವಿದ್ದರೆ ಕೇಳಬೇಕಾದದ್ದು ಎಂಆರ್‌ಐ. ಮೂಳೆ ಕುಸಿದಿದೆ ಎಂದಾದರೆ ಮೊದಲು ಒಂದು ಸಾದಾ ಎಕ್ಸ್-ರೇ. ಇದು ಎರಡೂ ಅಲ್ಲ. ನೂರಾರು ಎದೆ ಎಕ್ಸ್-ರೇಗಳಷ್ಟು ವಿಕಿರಣ ಆ ಹೆಂಗಸಿನ ಮೈಗೆ ಸುಮ್ಮನೆ. ಒಬ್ಬ, ಇದು ಹೊಸದಾಗಿ ಸೇರಿದ ಯಾರೋ ಜೂನಿಯರಿನ ಕೆಲಸ ಎಂದ. ಇನ್ನೊಬ್ಬ, ಅಲ್ಲ, ಜೂನಿಯರಾಗಿದ್ದರೆ ಹೆದರಿಕೊಂಡು ಮೂರನೇ ಸಾಲಿನಲ್ಲಿ ಏನಾದರೂ ಗೀಚಿರುತ್ತಿದ್ದ, ಖಾಲಿ ಬಿಡುವ ಧೈರ್ಯ ದೊಡ್ಡವರಿಗೇ ಇರೋದು ಎಂದ. ಮತ್ತೆ ನಗು. ಅವನೂ ನಕ್ಕ. ಆಗ ಕೊನೆಯ ಬೆಂಚಿನ ಹುಡುಗಿ, ವಾರಕ್ಕೆ ಒಂದು ಮಾತಾಡಿದರೆ ಹೆಚ್ಚು ಎನ್ನುವಂಥವಳು, ಚೀಟಿಯನ್ನು ಕೇಳಿ ತೆಗೆದುಕೊಂಡು ಕನ್ನಡಕದ ಹತ್ತಿರ ಹಿಡಿದು ನೋಡಿದಳು. ‘ಸಾರ್, ಇದನ್ನ ಬರೆದವರಿಗೆ ಪಾಠ ಗೊತ್ತಿಲ್ಲ ಅಂತಲ್ಲ’ ಎಂದಳು. ‘ಅವರು ಪೇಶಂಟನ್ನ ಮಾತಾಡಿಸೇ ಇಲ್ಲ ಅನ್ಸುತ್ತೆ. ಕೇಳೋಕೆ ಭಯ ಆಗಿರ್ಬೇಕು. ಅದಕ್ಕೇ ಮಿಷನ್ನನ್ನ ಕೇಳೋಕೆ ಹೇಳಿದಾರೆ.’

ಅವನ ಕಣ್ಣ ಮುಂದೆ ಭಾವ, ಅಕ್ಕನ ಗಂಡ, ನಾಲ್ಕು ವರ್ಷದ ಹಿಂದಿನ ಹಾಗೆಯೇ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಅವನು ಕೊಟ್ಟಿದ್ದ ವ್ಯಾಯಾಮದ ಹಾಳೆಯನ್ನು ಕಿಟಕಿಯ ಸರಳಿಗೆ ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಸಿಕ್ಕಿಸಿಕೊಂಡು, ಅದರಲ್ಲಿದ್ದ ಗೊಂಬೆಯ ಹಾಗೆಯೇ ಮೊಣಕಾಲು ಮಡಿಸಿ ಗೋಡೆಗುಂಟ ಇಳಿಯುತ್ತಿದ್ದರು. ‘ನೋಡಪ್ಪ, ಇವತ್ತು ಹನ್ನೆರಡು’ ಎಂದರು. ಹಿಂದಿನ ವಾರ ಹತ್ತಾಗಿತ್ತು. ಬೆವರು ಒರೆಸಿಕೊಂಡು, ಏಳುವಾಗ ಹಲ್ಲು ಕಚ್ಚಿ ‘ಹ್ಞಾ’ ಎಂದು ಒಂದು ಸಣ್ಣ ಸದ್ದು ಮಾಡುತ್ತಿದ್ದರು. ಅದಕ್ಕೂ ಮೊದಲು, ನೋವು ಎಂದು ಹೇಳಿದ ದಿನ, ಅವನು ಹೊರಡುವ ಅವಸರದಲ್ಲಿ ಬಾಗಿಲ ಹತ್ತಿರ ಒಂದು ಕಾಲಿಗೆ ಶೂ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದ. ‘ಒಂದು ಸ್ಕ್ಯಾನ್ ಏನಾದ್ರೂ ಬೇಕಾಗುತ್ತಾ?’ ಎಂದು ಭಾವ ಸಂಕೋಚದಿಂದಲೇ ಕೇಳಿದ್ದರು; ತಮ್ಮ ಮನೆಯವನೇ ದೊಡ್ಡ ಡಾಕ್ಟರು, ಕೇಳಿದರೆ ಉಪಕಾರ ಕೇಳಿದ ಹಾಗಾಗುತ್ತದೆಂಬ ಸಂಕೋಚ. ‘ಏನೂ ಬೇಡ ಭಾವ, ಬೆನ್ನುನೋವಿಗೆಲ್ಲ ಸ್ಕ್ಯಾನ್ ಮಾಡಿಸ್ತಾ ಕೂತ್ರೆ ಆಸ್ಪತ್ರೆ ನಡೆಯುತ್ತಾ, ಸರಿಹೋಗುತ್ತೆ’ ಎಂದು ಇನ್ನೊಂದು ಶೂ ಹಾಕಿಕೊಂಡಿದ್ದ. ಬೋರ್ಡಿನ ಮೇಲಿನ ಏಳರಲ್ಲಿ ಒಂದನ್ನೂ ಕೇಳಿರಲಿಲ್ಲ. ಲೇಸು ಕಟ್ಟುವಷ್ಟು ಹೊತ್ತಿನಲ್ಲಿ ಏಳನ್ನೂ ಕೇಳಿ ಮುಗಿಸಬಹುದಿತ್ತು. ಆರು ವಾರದ ಮೇಲೆ ಚಿತ್ರ ತೆಗೆದಾಗ ಬೆನ್ನುಮೂಳೆಯ ತುಂಬ ಅದು ಹರಡಿಕೊಂಡಿತ್ತು. ಆರು ವಾರ ಮೊದಲು ನೋಡಿದ್ದರೂ ಏನೂ ಬದಲಾಗುತ್ತಿರಲಿಲ್ಲ ಕಣಯ್ಯ ಎಂದು ಕ್ಯಾನ್ಸರ್ ವಿಭಾಗದ ಗೆಳೆಯ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದ. ಆಮೇಲೇನು ಎಂಬ ಅವನದೇ ಪ್ರಶ್ನೆಗೆ ಅದು ಸರಿಯಾದ ಉತ್ತರವೇ. ಆದರೆ ಆ ಆರು ವಾರ ಭಾವ ವ್ಯಾಯಾಮ ಮಾಡಿದ್ದರು. ದಿನಾ ಎರಡು ಹೊತ್ತು, ತಪ್ಪಿಸದೆ, ಹತ್ತರಿಂದ ಹನ್ನೆರಡಕ್ಕೆ ಏರಿಸಿಕೊಂಡು. ಭಾವ ತೀರಿಕೊಂಡು ನಾಲ್ಕು ವರ್ಷವಾದರೂ ಅವನಿಗೆ ಗೋಡೆಗೆ ಬೆನ್ನು ಕೊಟ್ಟು ನಿಂತವರನ್ನು ನೋಡಲಾಗುತ್ತಿರಲಿಲ್ಲ.

ಹೋದ ಭಾನುವಾರ ಅಕ್ಕನ ಮನೆಗೆ ಹೋಗಿದ್ದಾಗ ಅವಳು ಹೊಲಿಗೆ ಮಿಷನ್ನಿನ ಮುಂದಿನಿಂದ ಎದ್ದಳು, ಏಳುವಾಗ ಸೊಂಟಕ್ಕೆ ಕೈಕೊಟ್ಟು ‘ಹ್ಞಾ’ ಎಂದಳು. ಅದೇ ಸದ್ದು. ಬೆನ್ನು ಸ್ವಲ್ಪ ಹಿಡ್ಕೊಂಡಿದೆ ಎಂದಳು ಅಷ್ಟೇ. ಅವನು ಅಲ್ಲಿಂದ ಹೇಗೆ ಎದ್ದು ಬಂದನೋ ಅವನಿಗೇ ಗೊತ್ತಿಲ್ಲ. ಮೂರು ದಿನ ತಡೆದುಕೊಂಡ. ನಾಲ್ಕನೆಯ ದಿನ ಚೀಟಿ ಬರೆದ.

‘ಸಾರ್?’ ಹುಡುಗಿ ಇನ್ನೂ ನಿಂತೇ ಇದ್ದಳು. ಅವಳ ಕಣ್ಣು ಚೀಟಿಯಿಂದ ಬೋರ್ಡಿಗೆ ಹೋಗಿತ್ತು. ಬೋರ್ಡಿನ ಮೇಲೆ ಪಟ್ಟಿಯ ಕೊನೆಯಲ್ಲಿ ಅವನು ಬರೆದಿದ್ದ ಏಳು, ಎಂದಿನ ಅಭ್ಯಾಸದಂತೆ ಹೊಟ್ಟೆಗೊಂದು ಅಡ್ಡಗೆರೆ ಎಳೆದ ಏಳು. ಚೀಟಿಯಲ್ಲಿ ಐವತ್ತೇಳರ ಏಳಕ್ಕೂ ಅದೇ ಅಡ್ಡಗೆರೆ. ಆಸ್ಪತ್ರೆಯಲ್ಲಿ ಹಾಗೆ ಬರೆಯುವವರು ಇನ್ನೊಬ್ಬರಿರಲಿಲ್ಲ. ಅವಳು ಒಮ್ಮೆ ಬೋರ್ಡು ನೋಡಿದಳು, ಒಮ್ಮೆ ಚೀಟಿ ನೋಡಿದಳು, ಆಮೇಲೆ ಅವನನ್ನು ನೋಡದೆ ಇರಲು ಬಹಳ ಪ್ರಯತ್ನಪಟ್ಟಳು. ಕಿವಿಯ ತುದಿ ಕೆಂಪಾಯಿತು. ‘ಇದು ಆಯ್ತಲ್ಲ ಸಾರ್, ಮುಂದಿನದು ತಗೊಳ್ಳೋಣ್ವಾ?’ ಎಂದು ಚೀಟಿಯನ್ನು ಬೋರಲಾಗಿ ಮೇಜಿನ ಮೇಲಿಟ್ಟಳು. ಇಪ್ಪತ್ಮೂರು ವರ್ಷದ ಹುಡುಗಿ ತನ್ನ ಮುಖ ಉಳಿಸುತ್ತಿದ್ದಾಳೆ ಎಂದು ಅವನಿಗೆ ತಿಳಿಯಿತು. ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು, ಈ ಕರುಣೆಯನ್ನು ಹೇಗೆ ತಡೆದುಕೊಳ್ಳುವುದು? ಆದರೂ, ನಾಚಿಕೆಗೇಡು, ಅವನು ‘ಹೂಂ, ಮುಂದಿನದು’ ಎಂದ. ಅಂದು ಮುಗಿಸುವಷ್ಟರಲ್ಲಿ ಕೈ ತಾನಾಗಿ ಆ ಚೀಟಿಯನ್ನು ಎತ್ತಿ ಜೇಬಿಗೆ ಸೇರಿಸಿತ್ತು. ಮುಂದಿನ ಹುಡುಗ ಮಂಡಿನೋವಿನ ಚೀಟಿ ಓದಲು ಶುರುಮಾಡಿದ. ಎರಡು ಮಾತು ಕೇಳಿಸಿಕೊಂಡು, ‘ಹತ್ತು ನಿಮಿಷ, ಬಂದೆ. ನೀವು ನಡೆಸ್ತಾ ಇರಿ’ ಎಂದು ಹೊರಗೆ ಬಂದ. ಹಾಗೆ ಪಾಠದ ನಡುವೆ ಎದ್ದು ಬಂದದ್ದು ಈ ಹದಿನೈದು ವರ್ಷದಲ್ಲಿ ಅದೇ ಮೊದಲು.

ಬಾಟಲಿಯಲ್ಲಿ ಇನ್ನು ಎರಡು ಬೆರಳಿನಷ್ಟು ನೀರಿತ್ತು. ಅವನನ್ನು ನೋಡಿ ಅಕ್ಕ, ಬೈಸಿಕೊಳ್ಳುವ ಮೊದಲೇ ಎಂಬಂತೆ ಅದನ್ನೂ ಎತ್ತಿ ಕುಡಿಯಹೋದಳು. ಅವನು ಬಾಟಲಿಯನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡ. ಟೆಕ್ನಿಷಿಯನ್ ಬಾಗಿಲು ತೆರೆದು, ರೆಡಿ ಸಾರ್, ಅಮ್ಮನ್ನ ಕರ್ಕೊಳ್ಳಲಾ ಎಂದು ಕೇಳಿದ. ಐದು ನಿಮಿಷ ತಡಿ ಎಂದು ಹೇಳಿ, ಪಕ್ಕದಲ್ಲಿದ್ದ, ರೋಗಿಗಳು ಬಟ್ಟೆ ಬದಲಿಸುವ ಸಣ್ಣ ಕೋಣೆಗೆ ಅವಳನ್ನು ಕರೆದುಕೊಂಡು ಹೋದ. ಅಲ್ಲಿ ಒಂದು ಎತ್ತರದ ಮಂಚ, ಒಂದು ಸ್ಟೂಲು, ಗೋಡೆಗೆ ಮೂರು ಕೊಕ್ಕೆ. ಅಕ್ಕ ಮಂಚದ ಮೇಲೆ ಕೂತು ಕಾಲು ಇಳಿಬಿಟ್ಟಳು. ಅವನು ಸ್ಟೂಲನ್ನು ಎಳೆದುಕೊಂಡು ಕೂತ. ಹೊರಗಿನವರಿಗೆ ಸಾವಿರ ಸಲ ಕೇಳಿದ ಪ್ರಶ್ನೆಗಳು. ಒಡಹುಟ್ಟಿದವಳ ಎದುರಿಗೆ ಒಂದೊಂದೂ ಮಣಭಾರವಾಗಿತ್ತು. ಕೇಳಿಬಿಟ್ಟರೆ ಅವಳು ‘ಹೌದು’ ಎಂದುಬಿಟ್ಟರೆ?

‘ಅಕ್ಕ, ನಾನು ನಿನ್ನನ್ನ ಏನೂ ಕೇಳೇ ಇಲ್ಲ’ ಎಂದ.

‘ಈಗ ಕೇಳು’ ಎಂದಳು ಅಕ್ಕ. ‘ನೀನು ಯಾವಾಗ ಕೇಳ್ತೀಯಾ ಅಂತಲೇ ಕಾಯ್ತಿದ್ದೆ. ಆವತ್ತು ನಿನ್ನ ಮುಖ ಸುಣ್ಣ ಬಳಿದ ಹಾಗಾಗಿತ್ತು. ಇವನಿಗೆ ಸಮಾಧಾನ ಆಗೋದಾದ್ರೆ ಆಗ್ಲಿ, ಒಂದು ಫೋಟೋ ತೆಗೆಸಿಕೊಂಡರೆ ನಂಗೇನು ಹೋಗುತ್ತೆ ಅಂತ ಬಂದೆ.’

ಅವನು ಕೇಳಿದ. ಒಂದೊಂದಾಗಿ, ಅವಸರವಿಲ್ಲದೆ, ಹುಡುಗರಿಗೆ ಹೇಳಿಕೊಡುವ ಹಾಗೆಯೇ. ಬಿದ್ದಿರಲಿಲ್ಲ. ಜ್ವರವಿರಲಿಲ್ಲ. ಗಡ್ಡೆ ಕಾಯಿಲೆ ಹಿಂದೆಂದೂ ಆಗಿರಲಿಲ್ಲ. ಮಲಗಿದರೆ ನೋವು ಇರುವುದಿಲ್ಲ, ಹೊರಳುವಾಗ ಮಾತ್ರ ಒಂದು ಸಲ ಚಳುಕು. ಮೂರು ವಾರದ ಹಿಂದೆ ಇದ್ದದ್ದು ಈಗ ಅರ್ಧಕ್ಕರ್ಧ ಇಳಿದಿದೆ. ಕಾಲು ಗಟ್ಟಿಯಾಗಿದೆ, ಬೇಕಾದರೆ ಒದ್ದು ತೋರಿಸಲಾ ಎಂದಳು. ಮೂತ್ರದ ವಿಷಯ ಕೇಳಿದಾಗ, ‘ನಿನ್ನ ಚಡ್ಡಿ ತೊಳೆದವಳು ನಾನು, ನನ್ನನ್ನ ಕೇಳ್ತೀಯಾ’ ಎಂದು ನಕ್ಕಳು. ನಗುವಿನಲ್ಲಿ ಹಳೆಯ ಅಕ್ಕ ವಾಪಸು ಬಂದ ಹಾಗಾಯಿತು. ತೂಕ ಇಳಿದಿದೆಯಾ ಎಂದದ್ದಕ್ಕೆ ತೂಕದ ಮಿಷನ್ನು ಯಾರ ಹತ್ತಿರ ಇದೆ ಎಂದು ಚೀಲಕ್ಕೆ ಕೈಹಾಕಿ, ಅಂಚು ಸವೆದು ಅಂಕಿ ಮಾಸಿದ ಅಳತೆಯ ಟೇಪು ತೆಗೆದಳು. ಮೂವತ್ತೈದು ವರ್ಷ ಊರವರ ಸೊಂಟ ಅಳೆದವಳು. ಹೊಲಿಯಲು ಕೂರುವ ಮೊದಲು ಟೇಪು ಸರಿಯಿದೆಯೋ ಇಲ್ಲವೋ ಎಂದು ತನ್ನ ಸೊಂಟಕ್ಕೇ ಸುತ್ತಿ ನೋಡುವುದು ಅವಳ ಅಭ್ಯಾಸವಂತೆ. ಎಂಟು ವರ್ಷದಿಂದ ಅದೇ ಅಳತೆ, ಅರ್ಧ ಇಂಚು ಆಚೀಚೆ ಇಲ್ಲ. ‘ನೋಡ್ಕೋ’ ಎಂದು ಅಲ್ಲೇ ಸುತ್ತಿ, ಹೆಬ್ಬೆರಳು ಒತ್ತಿಹಿಡಿದು ತೋರಿಸಿದಳು. ಯಾವ ಲ್ಯಾಬಿನ ರಿಪೋರ್ಟನ್ನೂ ಅವನು ಇಷ್ಟು ನಂಬಿರಲಿಲ್ಲ. ಹಿಂದೆ ತಿರುಗಿ ಕೂರಿಸಿ ಬೆನ್ನುಮೂಳೆಯ ಮೇಲೆ ಕತ್ತಿನಿಂದ ಸೊಂಟದವರೆಗೆ ಒಂದೊಂದೇ ಗೆಣ್ಣನ್ನು ಬೆರಳಿಂದ ತಟ್ಟುತ್ತ ಬಂದ. ಮೂಳೆಯ ಮೇಲೆ ಎಲ್ಲೂ ನೋಯಲಿಲ್ಲ. ಸೊಂಟದ ಎಡಕ್ಕೆ, ಮೂಳೆಯಿಂದ ನಾಲ್ಕು ಬೆರಳಾಚೆ, ಸ್ನಾಯು ಹಗ್ಗದ ಹಾಗೆ ಬಿಗಿದಿತ್ತು. ಅಲ್ಲಿ ಒತ್ತಿದಾಗ ಅವಳು ‘ಹ್ಞಾ, ಅದೇ’ ಎಂದಳು. ಅದೇ ಸದ್ದು, ಆದರೆ ಈಗ ಅದು ಅಕ್ಕನದಾಗಿತ್ತು, ಭಾವನದಲ್ಲ.

‘ನೋವು ಶುರುವಾದಾಗ ನೀನು ಏನು ಮಾಡ್ತಿದ್ದೆ?’

ಇದು ಏಳರಲ್ಲಿ ಇರಲಿಲ್ಲ. ಕೇಳಿದ ಮೇಲೆ, ಇದೇ ಮೊದಲನೆಯದಾಗಬೇಕಿತ್ತಲ್ಲ ಎನಿಸಿತು. ಅಕ್ಕ ಬೆನ್ನು ಅವನ ಕಡೆ ಮಾಡಿಯೇ ಕೂತಿದ್ದಳು. ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಇದ್ದಳು. ‘ನಿಮ್ಮ ಭಾವನ ಟ್ರಂಕು ಇಳಿಸ್ತಿದ್ದೆ’ ಎಂದಳು ಕೊನೆಗೆ. ಅವರು ತೀರಿಕೊಂಡ ವಾರದಲ್ಲೇ ಅವರ ಅಂಗಿಗಳನ್ನೆಲ್ಲ ತುಂಬಿ ಅಟ್ಟಕ್ಕೆ ಹಾಕಿಸಿದ್ದಳು. ಎಲ್ಲವೂ ಅವಳೇ ಹೊಲಿದದ್ದು. ನಾಲ್ಕು ವರ್ಷ ಅದರ ಕಡೆ ತಲೆ ಎತ್ತಿರಲಿಲ್ಲ. ಮೂರು ವಾರದ ಹಿಂದೆ ಒಂದು ದಿನ ಬೆಳಿಗ್ಗೆ, ಒಳ್ಳೆ ಬಟ್ಟೆ, ಸುಮ್ಮನೆ ಹಾಳಾಗ್ತಿದೆ, ಕತ್ತರಿಸಿ ಏನಾದರೂ ಹೊಲಿಯೋಣ ಎಂದು ಮನಸ್ಸು ಗಟ್ಟಿಮಾಡಿಕೊಂಡು ಏಣಿ ಹತ್ತಿದ್ದಳು. ಟ್ರಂಕನ್ನು ಅರ್ಧ ಎಳೆದದ್ದೇ ಸೊಂಟದಲ್ಲಿ ಚಳಕ್ಕೆಂದಿತು. ಹಾಗೇ ಬಿಟ್ಟು ಇಳಿದಳು. ಈಗಲೂ ಅದು ಅಟ್ಟದ ಅಂಚಿನಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ನಿಂತಿದೆ, ಆ ಕೋಣೆಗೆ ಹೋದಾಗೆಲ್ಲ ತಲೆಮೇಲೆ ಬೀಳುತ್ತೇನೋ ಅನಿಸುತ್ತೆ ಎಂದಳು. ಯಾರನ್ನಾದರೂ ಕರೆದಿದ್ದರೆ ಇಳಿಸಿಕೊಡುತ್ತಿದ್ದರಲ್ಲ ಎಂದು ಅವನು ಕೇಳಲಿಲ್ಲ. ಯಾಕೆ ಕರೆಯಲಿಲ್ಲವೆಂದು ಅವಳ ಬೆನ್ನು ನೋಡಿದರೇ ತಿಳಿಯುತ್ತಿತ್ತು.

‘ಅಕ್ಕ, ಅವತ್ತು ಭಾವನ್ನೂ ನಾನು ಏನೂ ಕೇಳಲಿಲ್ಲ’ ಎಂದ. ನಾಲ್ಕು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ ಮಾತು, ಬಟ್ಟೆ ಬದಲಿಸುವ ಕೋಣೆಯಲ್ಲಿ, ಅವಳ ಬೆನ್ನಿಗೆ ಹೇಳಿದಂತಾಯಿತು. ‘ಬಾಗಿಲಲ್ಲಿ ನಿಂತುಕೊಂಡು ಸರಿಹೋಗುತ್ತೆ ಅಂದುಬಿಟ್ಟೆ. ಕೇಳಬೇಕಿತ್ತು.’

ಅವಳು ತಿರುಗಿ ಕೂತಳು. ಅಯ್ಯೋ ಹಾಗೆಲ್ಲ ಅನ್ಕೋಬೇಡ, ವಿಧಿ, ನೀನೇನು ಮಾಡೋಕಾಗ್ತಿತ್ತು ಎಂಬ ಮಾತುಗಳಿಗೆ ಅವನು ಒಳಗೊಳಗೇ ಸಿದ್ಧನಾಗಿದ್ದ. ಬಂದವರೆಲ್ಲ ಹೇಳಿ ಹೋದ ಮಾತುಗಳು ಅವು.

‘ಹೂಂ ಪುಟ್ಟ. ಕೇಳಬೇಕಿತ್ತು’ ಎಂದಳು ಅಕ್ಕ.

ಹೇಳಿ ಅವನನ್ನೇ ನೋಡುತ್ತ ಕೂತಳು. ಬೈಗುಳವಿರಲಿಲ್ಲ ಆ ಮಾತಿನಲ್ಲಿ, ಸಮಾಧಾನವೂ ಇರಲಿಲ್ಲ. ಅಳತೆ ಹೇಳಿದ ಹಾಗೆ ಹೇಳಿದ್ದಳು. ವಿಚಿತ್ರವೆಂದರೆ ಅವನಿಗೆ ಉಸಿರಾಡಲು ಸುಲಭವಾಯಿತು. ನಾಲ್ಕು ವರ್ಷ ಎಲ್ಲರೂ ತಪ್ಪಿಲ್ಲ ತಪ್ಪಿಲ್ಲ ಎಂದು ತಟ್ಟಿ ಮಲಗಿಸಿದ್ದರೂ ಒಳಗೆ ಕಣ್ಣು ಬಿಟ್ಟುಕೊಂಡೇ ಕೂತಿದ್ದ ಏನೋ ಒಂದು ಈಗ ಒರಗಿಕೊಂಡಿತು. ಕಣ್ಣು ತುಂಬಿ ಬಂದು ಮಂಚದ ಮೇಲಿನ ಹಾಸು ಮಸುಕಾಯಿತು. ಅಕ್ಕ ಕೈ ಚಾಚಿ ಅವನ ಕೋಟಿನ ಕಾಲರನ್ನು ಸರಿಮಾಡಿದಳು. ಸರಿಯಾಗಿಯೇ ಇದ್ದ ಕಾಲರು.

‘ನಾನೂ ಹೇಳಬೇಕಿತ್ತು’ ಎಂದಳು. ‘ರಾತ್ರಿ ಎದ್ದು ಕೂರ್ತಿದ್ರು. ಪುಟ್ಟನಿಗೆ ಹೇಳ್ಬೇಡ, ಅವನು ಕೊಟ್ಟ ವ್ಯಾಯಾಮ ಸರಿಯಾಗಿ ಮಾಡ್ತಿಲ್ಲ ಅನ್ಕೋತಾನೆ ಅಂದ್ರು. ನಾನೂ ಸುಮ್ಮನಿದ್ದೆ.’

ಇದು ನಿಜವೋ, ತಮ್ಮನ ತಪ್ಪಿನ ಪಾಲನ್ನು ಅರ್ಧ ಹೊತ್ತುಕೊಳ್ಳಲು ಅವಳು ಈಗ ಹುಟ್ಟಿಸಿದ್ದೋ ಅವನಿಗೆ ತಿಳಿಯಲಿಲ್ಲ. ಚಿಕ್ಕಂದಿನಲ್ಲಿ ಅವನು ಒಡೆದ ಲೋಟಕ್ಕೆ ತಾನು ಏಟು ತಿಂದವಳು. ಅದನ್ನು ತೋರಿಸುವ ಚಿತ್ರ ಯಾವ ಮಿಷನ್ನಿನಲ್ಲೂ ಬರುವುದಿಲ್ಲ. ಅವನು ಕೇಳಲೂ ಇಲ್ಲ. ಜೇಬಿನಿಂದ ಚೀಟಿ ತೆಗೆದು ಎರಡನೆಯ ಸಾಲಿನ ಮೇಲೆ ಅಡ್ಡಗೆರೆ ಎಳೆದು, ‘ಬೇಡ’ ಎಂದು ಬರೆದ. ಮೂರನೆಯ ಸಾಲಿನಲ್ಲಿ ಶಾಯಿಯ ಚುಕ್ಕೆ ಹಾಗೇ ಇತ್ತು. ಅಲ್ಲಿಂದಲೇ ಶುರುಮಾಡಿ, ನೋವು ಶುರುವಾದಾಗ ಏನು ಮಾಡುತ್ತಿದ್ದಿರಿ ಎಂದು ಬರೆದ. ಅಕ್ಕ ಇಣುಕಿ ನೋಡಿ, ಅಂದರೆ ಫೋಟೋ ಇಲ್ಲವೇ ಎಂದು ಕೇಳಿದಳು. ಇಲ್ಲ ಎಂದ. ನಡೆದಾಡು, ಬಿಸಿ ಶಾಖ ಕೊಟ್ಟುಕೋ, ಭಾರ ಎತ್ತಬೇಡ, ನೋವು ಹೆಚ್ಚಾದರೆ ಆ ಕ್ಷಣ ಫೋನು ಮಾಡು, ಏನನ್ನೂ ಮುಚ್ಚಿಡಬೇಡ ಎಂದ. ಹಾಗಾದರೆ ಅಷ್ಟು ನೀರು ಕುಡಿಸಿದ್ದು ದಂಡ ಅನ್ನು ಎಂದಳು. ಬೆಂಚಿನ ಎದುರಿನ ‘ಗರ್ಭಿಣಿಯರು’ ಬೋರ್ಡನ್ನು ದಾಟುವಾಗ, ‘ನಾನು ಮೊದಲೇ ತಿಳಿಸಬೇಕಿತ್ತೇನೋ, ಯಾರೂ ಕೇಳಲೇ ಇಲ್ಲ’ ಎಂದಳು. ಟೆಕ್ನಿಷಿಯನ್ ಬಾಗಿಲಲ್ಲಿ ನಿಂತು ಗಾಬರಿಯಿಂದ ಅವಳ ಹೊಟ್ಟೆಯ ಕಡೆ ನೋಡಿದ. ಹೊರಗಿನ ಮೆಟ್ಟಿಲವರೆಗೆ ಅವಳ ಪಕ್ಕದಲ್ಲೇ ನಡೆದು ಹೋಗಿ, ಅವಳು ಒಂದೊಂದೇ ಮೆಟ್ಟಿಲು ಇಳಿದು ರಸ್ತೆ ಸೇರುವವರೆಗೂ ನಿಂತಿದ್ದ. ಇಳಿಯುವಾಗ ಸೊಂಟಕ್ಕೆ ಕೈಕೊಟ್ಟಳು. ಅವನು ನೋಡಿದ. ಈಗ ನೋಡಲಾಗುತ್ತಿತ್ತು.

ಕೋಣೆಗೆ ವಾಪಸು ಬಂದಾಗ ಹತ್ತು ಚೀಟಿಗಳೂ ಮುಗಿದು ಏನೋ ಗಲಾಟೆ ನಡೆದಿತ್ತು, ಅವನನ್ನು ಕಂಡು ನಿಂತಿತು. ಕೊನೆಯ ಬೆಂಚಿನ ಹುಡುಗಿ ತಲೆ ಎತ್ತಲಿಲ್ಲ. ಅವನು ಚೀಟಿಯನ್ನು ಮೇಜಿನ ಮೇಲಿಟ್ಟು ಬಿಡಿಸಿ, ಕೆಳಗೆ ಅಂಟಿಸಿದ್ದ ಪಟ್ಟಿಯನ್ನು ಉಗುರಿನಿಂದ ಕಿತ್ತ. ಅಂಟು ಗಟ್ಟಿಯಾಗಿತ್ತು, ಸಹಿಯ ಒಂದು ಚೂರು ಅದರ ಜೊತೆಗೇ ಬಂತು.

‘ಇದು ನನ್ನದು’ ಎಂದ. ‘ಪೇಶಂಟು ನನ್ನ ಅಕ್ಕ. ನಿಮ್ಮ ತೀರ್ಪು ಸರಿ. ಮಾತಾಡಿಸಿರಲಿಲ್ಲ, ಭಯ ಆಗಿತ್ತು. ಈಗ ಮಾತಾಡಿಸಿ ಬಂದೆ.’

ಯಾರೂ ನಗಲಿಲ್ಲ. ದೊಡ್ಡವರಿಗೇ ಧೈರ್ಯ ಎಂದಿದ್ದ ಹುಡುಗ ಮೇಜಿನ ಕೆಳಗೆ ಏನೋ ಬೀಳಿಸಿಕೊಂಡವನ ಹಾಗೆ ಬಗ್ಗಿದ. ಅವನು ಏಳು ಪ್ರಶ್ನೆಗಳಿಗೂ ಬಂದ ಉತ್ತರಗಳನ್ನು ಹೇಳಿದ, ಅಳತೆಯ ಟೇಪಿನ ವಿಷಯ ಹೇಳಿದ, ಸ್ನಾಯು ಎಲ್ಲಿ ಬಿಗಿದಿತ್ತೆಂದು ತನ್ನ ಬೆನ್ನಿನ ಮೇಲೆಯೇ ತೋರಿಸಿದ. ಸ್ಕ್ಯಾನ್ ರದ್ದು ಮಾಡಿದೆ ಎಂದ. ಬೋರ್ಡಿನಲ್ಲಿದ್ದ ಪಟ್ಟಿಯ ಮೇಲ್ಗಡೆ, ಒಂದನೆಯದಕ್ಕಿಂತ ಮೇಲೆ ಜಾಗ ಮಾಡಿಕೊಂಡು, ಹೊಸದಾಗಿ ಒಂದು ಪ್ರಶ್ನೆ ಬರೆದ: ನೋವು ಶುರುವಾದಾಗ ಏನು ಮಾಡುತ್ತಿದ್ದಿರಿ? ಇದನ್ನು ಕೇಳಿದಾಗ ಉತ್ತರ ಬಂದದ್ದು ಹೀಗೆ: ತೀರಿಕೊಂಡ ಗಂಡನ ಬಟ್ಟೆಯ ಟ್ರಂಕನ್ನು ಅಟ್ಟದಿಂದ ಒಬ್ಬರೇ ಇಳಿಸ್ತಿದ್ದರಂತೆ, ಅರ್ಧಕ್ಕೇ ನಿಂತಿದೆಯಂತೆ ಎಂದ. ಸೀಮೆಸುಣ್ಣವನ್ನು ಕೈಯಿಂದ ಕೈಗೆ ದಾಟಿಸುತ್ತ ನಿಂತ.

ಕೊನೆಯ ಬೆಂಚಿನ ಹುಡುಗಿ ಈಗ ತಲೆ ಎತ್ತಿದ್ದಳು. ಅವಳ ದನಿಯಲ್ಲಿ ತುಂಟತನವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದಳು.

‘ಆಮೇಲೇನು ಸಾರ್?’

‘ಆಮೇಲೆ’ ಎಂದ ಅವನು. ‘ಈ ಭಾನುವಾರ ನಾನು ಹೋಗಿ ಆ ಟ್ರಂಕು ಇಳಿಸ್ತೀನಿ. ಅವಳು ತೆಗೆಯೋವರೆಗೂ ಪಕ್ಕದಲ್ಲಿ ಕೂತಿರ್ತೀನಿ.’

ಮುಂದಿನ ಸಾಲಿನ ಹುಡುಗ ಅದನ್ನೂ ಬರೆದುಕೊಂಡ.